ಬಿಕ್ಕಲಂ ಇಲ್ಲದ ಅರ್ಜಿ

"ಹುಟ್ಟಿದ ಜಿಲ್ಲಾ ಯಾವ್ದ್ರಿ ಅಮ್ಮಾರ?"

"ಧಾರವಾಡ."

ಕೀಲಿಮಣೆಯ ಮೇಲೆ ಓಡುತ್ತಿದ್ದ ಬೆರಳುಗಳು ನಿಂತವು. ಬ್ಯಾಡಗಿ ಪೇಟೆಯ ಆ ಸಣ್ಣ ಆನ್‌ಲೈನ್ ಅಂಗಡಿಯಲ್ಲಿ ನಮ್ಮ ಚಿಗವ್ವ ಪ್ಲಾಸ್ಟಿಕ್ ಕುರ್ಚಿಯ ತುದಿಗೆ ಕೂತು, ಕಾಗದಪತ್ರದ ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡು, ಒಂದಿಷ್ಟೂ ತಡೆಯದೆ ಉತ್ತರ ಕೊಟ್ಟಿದ್ದಳು. ಅವಳು ಹೇಳಿದ್ದರಲ್ಲಿ ತಪ್ಪೇನೂ ಇಲ್ಲ. ಅವಳ ತವರು ರಾಣೆಬೆನ್ನೂರು ತಾಲ್ಲೂಕಿನ ಒಂದು ಹಳ್ಳಿ. ಅವಳು ಹುಟ್ಟಿದಾಗ ಅದು ಧಾರವಾಡ ಜಿಲ್ಲೆ. ಹಾವೇರಿ ಬೇರೆ ಜಿಲ್ಲೆಯಾದದ್ದು 1997ರ ಆಗಸ್ಟ್ 24ರಂದು. ಅಷ್ಟು ಹೊತ್ತಿಗೆ ಚಿಗವ್ವ ಬ್ಯಾಡಗಿಗೆ ಸೊಸೆಯಾಗಿ ಬಂದು, ಮಗಳು ಕನ್ನಡ ಶಾಲೆಗೆ ಹೋಗುತ್ತಿದ್ದಳು. ಅವಳ ಅವ್ವನನ್ನು ಕೇಳಿದ್ದರೆ ಆಕೆ ಹುಟ್ಟಿದ್ದು ಮುಂಬಯಿ ಪ್ರಾಂತ್ಯದಲ್ಲಿ ಎನ್ನಬೇಕಾಗುತ್ತಿತ್ತು. 1956ರ ನವೆಂಬರ್ 1ರವರೆಗೆ ನಮ್ಮ ಈ ಸೀಮೆ ಇದ್ದದ್ದು ಅಲ್ಲಿಯೇ. ಊರು ಕದಲಲಿಲ್ಲ, ಮನೆ ಕದಲಲಿಲ್ಲ, ಮೇಲಿನ ಹೆಸರು ಮಾತ್ರ ಒಂದು ಕುಟುಂಬದೊಳಗೇ ಬದಲಾಗುತ್ತಾ ಹೋಯಿತು.

ಅರ್ಜಿ ತುಂಬುತ್ತಿದ್ದ ಹುಡುಗಿಗೆ ಇಪ್ಪತ್ತೈದರ ಒಳಗಿನ ವಯಸ್ಸು. "ತಡೀರಿ, ಹಳೇ ಪಾಸ್‌ಪೋರ್ಟಿನ್ಯಾಗ ಏನ್ ಐತಿ ನೋಡೂಣು" ಎಂದಳು. ಹಳೆಯ ಪುಸ್ತಕದಲ್ಲಿ ಊರಿನ ಹೆಸರೂ ರಾಜ್ಯದ ಹೆಸರೂ ಇದ್ದವು, ಜಿಲ್ಲೆ ಇರಲಿಲ್ಲ. ಅರ್ಜಿಯಲ್ಲಿ ಜಿಲ್ಲೆ ಬೇಕು. ಈಗ ಆ ಹಳ್ಳಿ ಹಾವೇರಿ ಜಿಲ್ಲೆಗೆ ಸೇರಿದೆ ಎಂಬುದನ್ನು ಅವಳು ಚಿಗವ್ವನಿಗೆ ಬಿಡಿಸಿ ಹೇಳಿದಳು. ಚಿಗವ್ವ ಒಂದು ಕ್ಷಣ ಯೋಚಿಸಿ "ಹೂಂ, ಹಂಗ ಬರಿಯವಾ" ಅಂದ ಮೇಲೆಯೇ ಗುಂಡಿ ಒತ್ತಿದಳು. ಆ ಒಂದು ಹೂಂಗಾಗಿ ಕಾದಳಲ್ಲ, ಅದನ್ನು ಕಂಡಾಗಲೇ ಈ ಲೇಖನ ಬರೆಯಬೇಕು ಅನಿಸಿದ್ದು.

ಚಿಗವ್ವನ ಮಗಳು ಜರ್ಮನಿಯ ಮ್ಯೂನಿಕ್‌ನಲ್ಲಿದ್ದಾಳೆ. ಹತ್ತು ವರ್ಷದ ಹಿಂದೆ ಮೊದಲ ಬಾಣಂತನಕ್ಕೆಂದು ಚಿಗವ್ವ ಕಾಕಾನ ಜೊತೆ ಹೋಗಿ ಬಂದಿದ್ದಳು. ಆಗ ಮಾಡಿಸಿದ ಪಾಸ್‌ಪೋರ್ಟಿನ ಅವಧಿ ಮುಗಿಯುತ್ತಾ ಬಂದಿತ್ತು. ಈಗ ಎರಡನೆಯ ಬಾಣಂತನ. ಮಗಳು ಫೋನಿನಲ್ಲಿ ಅವಸರ ಮಾಡುತ್ತಿದ್ದಳು, ಅವಸರಕ್ಕೆ ಕಾರಣವೂ ಇತ್ತು. ಜರ್ಮನಿಯೂ ಸೇರಿರುವ ಷೆಂಗೆನ್ ದೇಶಗಳಿಗೆ ಹೋಗಬೇಕಾದರೆ ಪಾಸ್‌ಪೋರ್ಟ್ ಕೊಟ್ಟು ಹತ್ತು ವರ್ಷ ದಾಟಿರಬಾರದು, ಅಲ್ಲಿಂದ ಹೊರಡುವ ದಿನದಿಂದ ಮುಂದೆ ಕನಿಷ್ಠ ಮೂರು ತಿಂಗಳ ಅವಧಿ ಉಳಿದಿರಬೇಕು. ಬೇರೆ ಹಲವು ದೇಶಗಳು ಆರು ತಿಂಗಳು ಕೇಳುತ್ತವೆ. ಹೀಗಾಗಿ ಪುಸ್ತಕದ ಮೇಲೆ ಅಚ್ಚಾದ ಕೊನೆಯ ದಿನಾಂಕವನ್ನು ನಂಬಿ ಕೂತರೆ ವಿಮಾನ ನಿಲ್ದಾಣದಲ್ಲಿ ನಿಂತುಬಿಡಬೇಕಾಗುತ್ತದೆ. ಅವಧಿ ಮುಗಿಯುವ ಒಂದು ವರ್ಷ ಮೊದಲೇ ಅರ್ಜಿ ಹಾಕಲು ನಮ್ಮಲ್ಲಿ ಅವಕಾಶವಿದೆ. ನಾವು ಬಾಯಿಮಾತಿಗೆ 'ರಿನೀವಲ್' ಎನ್ನುತ್ತೇವೆ, ಇಲಾಖೆಯ ಮಾತಿನಲ್ಲಿ ಅದು 'ರೀಇಶ್ಯೂ', ಅಂದರೆ ಮರುವಿತರಣೆ. ಹಳೆಯ ಪುಸ್ತಕಕ್ಕೆ ಮುದ್ರೆ ಒತ್ತಿ ವರ್ಷ ಸೇರಿಸುವುದಿಲ್ಲ, ಹೊಸ ನಂಬರಿನ ಹೊಸ ಪುಸ್ತಕವನ್ನೇ ಕೊಡುತ್ತಾರೆ. ದೊಡ್ಡವರಿಗೆ ಮತ್ತೆ ಹತ್ತು ವರ್ಷ.

ಈ ವಿಷಯದಲ್ಲಿ ನಮಗೊಂದು ಹಳೆಯ ಪೆಟ್ಟು ಬಿದ್ದಿತ್ತು. ಹತ್ತು ವರ್ಷದ ಹಿಂದೆ ಚಿಗವ್ವ, ಕಾಕಾ ಇಬ್ಬರ ಅರ್ಜಿಯನ್ನೂ ನಾನೇ ಒಂದು ಕಡೆ ತುಂಬಿಸಿದ್ದೆ. ಊರು, ಅಂಗಡಿ ಯಾವುದೆಂದು ಇಲ್ಲಿ ಬೇಡ. ಆ ಮನುಷ್ಯ ಕಾಗದಪತ್ರ ಇಸಿದುಕೊಂಡು "ನಾಳೆ ಬರ್ರಿ" ಎಂದ. ಮರುದಿನ ಹೋದಾಗ ಎಲ್ಲ ಮುಗಿದಿತ್ತು. ಇಬ್ಬರಿಗೂ ಸೇರಿ ಆಗಬೇಕಾದ ಶುಲ್ಕದ ಎರಡರಷ್ಟು ಹಣ ಎಣಿಸಿಕೊಂಡ, ರಸೀದಿ ಕೊಡಲಿಲ್ಲ. ನಾನೂ ಕೇಳಲಿಲ್ಲ. ಅರ್ಜಿಯಲ್ಲಿ ತನ್ನದೇ ಮೊಬೈಲ್ ನಂಬರು, ತನ್ನದೇ ಇಮೇಲ್ ಹಾಕಿದ್ದ. ಹೀಗಾಗಿ ಪೊಲೀಸ್ ಪರಿಶೀಲನೆಯ ಸಂದೇಶವಾಗಲಿ, ಪುಸ್ತಕ ಅಂಚೆಗೆ ಬಿದ್ದ ಸಂದೇಶವಾಗಲಿ ನಮಗೆ ಒಂದೂ ಬರಲಿಲ್ಲ. ಪಾಸ್‌ಪೋರ್ಟ್ ಕೈಗೆ ಬಂದಾಗ ಚಿಗವ್ವನ ಹೆಸರಿನಲ್ಲಿ ಒಂದು ಅಕ್ಷರ ಕಡಿಮೆ. 'ಅವ್ವ' ಎಂದು ಮುಗಿಯುವ ಹೆಸರು ಅದು. ಆಧಾರ್‌ನಲ್ಲಿ ಎರಡು 'ವಿ', ಪಾಸ್‌ಪೋರ್ಟಿನಲ್ಲಿ ಒಂದೇ 'ವಿ'. ಹೊರಡುವ ದಿನ ಹತ್ತಿರವಿತ್ತು, ಹಾಗೆಯೇ ಹೋಗಿಬಂದರು. ಆ ಒಂದು 'ವಿ' ಮಾತ್ರ ಹತ್ತು ವರ್ಷ ನನ್ನ ಮನಸ್ಸಿನಲ್ಲಿ ಮುಳ್ಳಿನಂತೆ ಉಳಿಯಿತು. ಅರ್ಜಿ ಕಳಿಸುವ ಮುಂಚೆ ಒಂದು ಸಲ ಓದಿ ಹೇಳಿದ್ದರೆ ಸಾಕಿತ್ತು.

ಹಳೆಯ ಕ್ರಯಪತ್ರ, ಅಡಮಾನಪತ್ರಗಳನ್ನು ನೋಡಿದವರಿಗೆ ಗೊತ್ತಿರುತ್ತದೆ. ಕೊನೆಯಲ್ಲಿ ಸಾಕ್ಷಿಗಳ ರುಜುವಾದ ಮೇಲೆ 'ಬಿಕ್ಕಲಂ' ಎಂದು ಬರೆದು ಅದರ ಮುಂದೆ ಒಂದು ಹೆಸರು ಇರುತ್ತಿತ್ತು. ಪತ್ರ ಬರೆದವರ ಹೆಸರು ಅದು. ಕಲಂ ಎಂದರೆ ಲೇಖನಿ. ಬರೆಸಿಕೊಟ್ಟವರು ಹೆಬ್ಬೆಟ್ಟು ಒತ್ತುವವರಾದರೂ, ಅವರ ಪರವಾಗಿ ಲೇಖನಿ ಹಿಡಿದವರು ಯಾರು ಎಂಬುದು ಕಾಗದದ ಮೇಲೆ ಉಳಿಯುತ್ತಿತ್ತು. ಅದಕ್ಕೂ ಮೇಲೆ ಇನ್ನೊಂದು ಮಾತು: ಓದಿಸಿ ಕೇಳಿ ಸರಿಯೆಂದು ಒಪ್ಪಿ ರುಜು ಮಾಡಿದ್ದೇನೆ ಎಂಬುದು. ತಾಲ್ಲೂಕು ಕಚೇರಿಯ ಎದುರು ಬೇವಿನ ಮರದ ಕೆಳಗೆ ಮೇಜು ಹಾಕಿಕೊಂಡು ಕೂರುತ್ತಿದ್ದ ಅರ್ಜಿ ಬರೆಯುವವರು ಬರೆದದ್ದನ್ನು ದನಿ ಎತ್ತಿ ಓದುತ್ತಿದ್ದರು. ಸುತ್ತ ನಿಂತವರೂ ಕೇಳಿಸಿಕೊಳ್ಳುತ್ತಿದ್ದರು. ಓದದೆ ಹೆಬ್ಬೆಟ್ಟು ಒತ್ತಿಸಿಕೊಂಡವನಿಗೆ ಊರಿನಲ್ಲಿ ಹೆಸರು ಕೆಡುತ್ತಿತ್ತು.

ಇವತ್ತಿನ ಪಾಸ್‌ಪೋರ್ಟ್ ಅರ್ಜಿಯಲ್ಲಿ ಬಿಕ್ಕಲಂ ಇಲ್ಲ. ಯಾರು ತುಂಬಿದರೋ ಅವರ ಹೆಸರು ಎಲ್ಲಿಯೂ ಬರುವುದಿಲ್ಲ. ಕೊನೆಯಲ್ಲಿ ಒಂದು ಘೋಷಣೆ ಇದೆ, ಇಲ್ಲಿ ಕೊಟ್ಟ ಮಾಹಿತಿಯೆಲ್ಲ ಸರಿಯಾಗಿದೆ, ಅದಕ್ಕೆ ನಾನೇ ಹೊಣೆ ಎಂದು. ಆ 'ನಾನು' ಅರ್ಜಿದಾರರೇ. 1967ರ ಪಾಸ್‌ಪೋರ್ಟ್ ಕಾಯ್ದೆಯ 12ನೆಯ ಕಲಮಿನ ಪ್ರಕಾರ ಗೊತ್ತಿದ್ದೂ ಸುಳ್ಳು ಮಾಹಿತಿ ಕೊಟ್ಟರೆ ಎರಡು ವರ್ಷದವರೆಗೆ ಸೆರೆ, ಅಥವಾ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ನಾಲ್ಕನೆಯ ಇಯತ್ತೆ ಓದಿದ ಚಿಗವ್ವ ಇಂಗ್ಲಿಷಿನ ಆ ಘೋಷಣೆಯ ಕೆಳಗೆ ಒಪ್ಪಿಗೆ ಕೊಡಬೇಕು. ಒಪ್ಪಿಗೆಯ ಚೌಕದಲ್ಲಿ ಗುರುತು ಹಾಕುವ ಬೆರಳು ಮಾತ್ರ ಬೇರೆಯವರದು. ನೆರವು ಎಂಬ ಮಾತಿನ ಭಾರ ಇರುವುದು ಇಲ್ಲಿ.

ಈ ನೆರವಿನ ಅಂಗಡಿಗಳು ಇಲ್ಲದಿದ್ದರೆ ನಮ್ಮ ಕಡೆಯ ಊರುಗಳಲ್ಲಿ ಅರ್ಧಕ್ಕರ್ಧ ಜನ ಪಾಸ್‌ಪೋರ್ಟಿನ ಆಸೆಯನ್ನೇ ಬಿಡುತ್ತಿದ್ದರು ಎಂದು ನನಗೆ ಖಾತ್ರಿಯಿದೆ. ಹಿಂದೆ ಇದು ಬೆಂಗಳೂರಿನ ಕೆಲಸ. ಬೆಂಗಳೂರಿನ ಪ್ರಾದೇಶಿಕ ಕಚೇರಿಯೇ ಇಂದಿಗೂ ಇಡೀ ಕರ್ನಾಟಕಕ್ಕೆ ಪಾಸ್‌ಪೋರ್ಟ್ ಕೊಡುವ ಕಚೇರಿ. 2010ರಲ್ಲಿ ದೇಶದಲ್ಲಿ ಪಾಸ್‌ಪೋರ್ಟ್ ಸೇವಾ ಕೇಂದ್ರಗಳನ್ನು ಪ್ರಯೋಗಕ್ಕೆ ತೆರೆದಾಗ ಕರ್ನಾಟಕವನ್ನೂ ಆರಿಸಿದ್ದರು, ಹುಬ್ಬಳ್ಳಿಗೆ ಒಂದು ಕೇಂದ್ರ ಬಂತು. ಬೆಂಗಳೂರಿನ ರಾತ್ರಿ ಪಯಣ ತಪ್ಪಿತು. 2017ರ ಜನವರಿ 25ರಂದು ಮೈಸೂರಿನ ಅಂಚೆ ಕಚೇರಿಯಲ್ಲಿ ಮೊದಲ ಅಂಚೆ ಪಾಸ್‌ಪೋರ್ಟ್ ಕೇಂದ್ರ ತೆರೆಯಿತು, ಅದೇ ದಿನ ಗುಜರಾತಿನ ದಾಹೋದ್‌ನಲ್ಲೂ. ಆ ಮೇಲೆ ದಾವಣಗೆರೆಯಂಥ ಊರುಗಳಿಗೂ ಅದು ಬಂದಿದ್ದರಿಂದ ರಾಣೆಬೆನ್ನೂರಿನವರಿಗೆ ದಾರಿ ಇನ್ನಷ್ಟು ಹತ್ತಿರವಾಯಿತು. ಯಾವ ಊರಿನವರು ಯಾವ ಕೇಂದ್ರಕ್ಕಾದರೂ ಅರ್ಜಿ ಹಾಕಬಹುದು ಎಂಬ ಅನುಕೂಲ 2018ರಿಂದ ಇದೆ. ಎಲ್ಲಿ ದಿನಾಂಕ ಬೇಗ ಸಿಗುತ್ತದೋ ಅಲ್ಲಿಗೆ ಹೋಗುವುದು.

ದಾರಿ ಹತ್ತಿರವಾಯಿತು, ಅರ್ಜಿ ಮಾತ್ರ ಕಂಪ್ಯೂಟರಿನೊಳಗೆ ಹೋಯಿತು, ಅದೂ ಇಂಗ್ಲಿಷಿನಲ್ಲಿ. ಸರ್ಕಾರಕ್ಕೂ ಇದು ಗೊತ್ತಿತ್ತು. 2013ರಲ್ಲಿ ವಿದೇಶಾಂಗ ಸಚಿವಾಲಯ ಸಾಮಾನ್ಯ ಸೇವಾ ಕೇಂದ್ರಗಳ ಜೊತೆ, ನಾವು ಸಿಎಸ್‌ಸಿ ಎನ್ನುವ ಅಂಗಡಿಗಳ ಜೊತೆ, ಒಪ್ಪಂದ ಮಾಡಿಕೊಂಡಿತು. ಅರ್ಜಿ ತುಂಬುವುದು, ಶುಲ್ಕ ಕಟ್ಟುವುದು, ಭೇಟಿಯ ದಿನ ಗೊತ್ತುಮಾಡುವುದು, ಇಷ್ಟಕ್ಕೆ ಅಂದು ನಿಗದಿಯಾದ ಸೇವಾ ಶುಲ್ಕ 100 ರೂಪಾಯಿ. ಇದರಾಚೆಗೆ ಪೇಟೆಯ ಜೆರಾಕ್ಸ್ ಅಂಗಡಿಗಳು, ಟ್ರಾವೆಲ್ಸ್‌ನವರು, ಮೊಬೈಲ್ ರೀಚಾರ್ಜ್ ಮಾಡುವವರು ಕೂಡ ಇದೇ ಕೆಲಸ ಮಾಡುತ್ತಾರೆ. ಬೆಲೆ ಅವರವರದು.

ಪಾಸ್‌ಪೋರ್ಟ್ ಎಂದರೆ ದೊಡ್ಡ ಊರಿನವರ ಕಾಗದ ಎಂಬ ಕಾಲ ಹೋಗಿ ಬಹಳ ದಿನವಾಯಿತು. ಬ್ಯಾಡಗಿಯ ಮೆಣಸಿನಕಾಯಿ ಕಡುಗೆಂಪು ಬಣ್ಣಕ್ಕೆ ಹೆಸರಾಗಿ ಹಡಗು ಹತ್ತುತ್ತದೆ, 2011ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿತು. ವ್ಯಾಪಾರದ ಬೆನ್ನಿಗೆ ಜನವೂ ಓಡಾಡುತ್ತಾರೆ. ಸವಣೂರು, ಹಾನಗಲ್ಲು, ಹಾವೇರಿಯ ಮನೆಗಳಿಂದ ಹಜ್, ಉಮ್ರಾಗೆ ಹೋಗುವ ಹಿರಿಯರು, ಕೊಲ್ಲಿ ದೇಶಗಳಲ್ಲಿ ದುಡಿಯುವ ಹುಡುಗರು, ಬಾಣಂತನಕ್ಕೆ ಹೊರಟ ತಾಯಂದಿರು, ಹೊರಗೆ ಓದಲು ಹೋಗುವ ಮಕ್ಕಳು. ಪಕ್ಕದ ದಾವಣಗೆರೆ ಜಿಲ್ಲೆಯ ಚನ್ನಗಿರಿ ಕಡೆಯ ಹಕ್ಕಿಪಿಕ್ಕಿ ಜನ ಗಿಡಮೂಲಿಕೆ ಮಾರಲು ಆಫ್ರಿಕಾದ ದೇಶಗಳಿಗೆ ಹೋಗುತ್ತಾರೆ ಎಂಬುದು ನಾಡಿಗೆ ಗೊತ್ತಾದದ್ದು 2023ರ ಏಪ್ರಿಲ್‌ನಲ್ಲಿ, ಸುಡಾನಿನ ಕಾಳಗದ ನಡುವೆ ಅವರು ಸಿಕ್ಕಿಕೊಂಡಾಗ. ಮತ್ತೆ ನಮ್ಮ ರಾಣೆಬೆನ್ನೂರು ತಾಲ್ಲೂಕಿನ ಚಳಗೇರಿ. ಆ ಊರಿನ ನವೀನ್ ಶೇಖರಪ್ಪ ಗ್ಯಾನಗೌಡರ ಎಂಬ ವೈದ್ಯಕೀಯ ವಿದ್ಯಾರ್ಥಿ 2022ರ ಮಾರ್ಚ್ 1ರಂದು ಉಕ್ರೇನಿನ ಖಾರ್ಕಿವ್‌ನಲ್ಲಿ ಯುದ್ಧಕ್ಕೆ ಬಲಿಯಾದ. ಆ ಮಗನ ಮುಖ ನೆನೆದರೆ ಇಂದಿಗೂ ಗಂಟಲು ಕಟ್ಟುತ್ತದೆ. ನಮ್ಮ ಹಳ್ಳಿಗಳಿಂದ ಮಕ್ಕಳು ಎಷ್ಟು ದೂರ ಹೋಗಿದ್ದಾರೆ ಎಂಬುದನ್ನು ಆ ವಾರ ಹಾವೇರಿ ಜಿಲ್ಲೆ ಎದೆಯೊಡೆದು ತಿಳಿದುಕೊಂಡಿತು.

ಹೊರದೇಶಕ್ಕೆ ಹೋಗುವುದು ವೈಯಕ್ತಿಕ ಸ್ವಾತಂತ್ರ್ಯದ ಹಕ್ಕಿನ ಭಾಗ ಎಂದು ಸುಪ್ರೀಂ ಕೋರ್ಟ್ 1967ರಲ್ಲಿ ಸತ್ವಂತ್ ಸಿಂಗ್ ಸಾಹ್ನಿ ಪ್ರಕರಣದಲ್ಲಿ ಹೇಳಿದ ಮೇಲೆಯೇ ಅದೇ ವರ್ಷ ಪಾಸ್‌ಪೋರ್ಟ್ ಕಾಯ್ದೆ ಬಂತು. ಅಲ್ಲಿಯವರೆಗೆ ಕೊಟ್ಟರೆ ಕೊಟ್ಟರು, ಬಿಟ್ಟರೆ ಬಿಟ್ಟರು. ನಮ್ಮ ಪೇಟೆಯ ಅಂಗಡಿಗೆ ಹೋಗಿ ಕೂರುವವರು ಇದನ್ನು ನೆನಪಿಟ್ಟುಕೊಳ್ಳಬೇಕು. ನಾವು ಬೇಡಲು ಹೋಗಿಲ್ಲ.

ಮತ್ತೆ ಆ ಅಂಗಡಿಗೆ ಬರುತ್ತೇನೆ, ಏಕೆಂದರೆ ಹೇಳಬೇಕಾದ್ದೆಲ್ಲ ಅಲ್ಲಿಯೇ ಇದೆ.

ಆ ಹುಡುಗಿ ಮೊದಲು ಮಾಡಿದ್ದು ಕಂಪ್ಯೂಟರಿನ ಪರದೆಯನ್ನು ನಮ್ಮ ಕಡೆ ತಿರುಗಿಸಿದ್ದು. ತೂಕ ಮಾಡುವವರು ತಕ್ಕಡಿಯ ಮುಳ್ಳನ್ನು ಗಿರಾಕಿಯ ಕಡೆ ತಿರುಗಿಸಿ ಇಡುತ್ತಾರಲ್ಲ, ಹಾಗೆ. ಎರಡನೆಯದಾಗಿ ಚಿಗವ್ವನ ಫೋನನ್ನು ಮೇಜಿನ ಮೇಲೆ ಇಡಿಸಿದಳು. "ಒಟಿಪಿ ನಿಮ್ಮ ಫೋನಿಗೇ ಬರ್ತದರಿ. ನೀವ ನೋಡಿ ಓದಿ ಹೇಳ್ರಿ, ಫೋನ್ ನನ್ನ ಕೈಯಾಗ ಕೊಡಬ್ಯಾಡ್ರಿ" ಎಂದಳು. ಚಿಗವ್ವ ಕನ್ನಡಕ ಏರಿಸಿ ಒಂದೊಂದೇ ಅಂಕಿ ಹೇಳಿದಳು. ಇಮೇಲ್ ನನ್ನದು ಹಾಕಿಸಿದೆವು. ಗುಪ್ತಪದವನ್ನು ನಾನು ಚೀಟಿಯಲ್ಲಿ ಬರೆದುಕೊಂಡೆ.

ಆ ಮೇಲೆ ಹೆಸರು. ಇಲ್ಲಿ ಅರ್ಧ ತಾಸು ಹಿಡಿಯಿತು, ಹಿಡಿಯಲೇಬೇಕು. ನಮ್ಮ ಕಡೆ ಒಬ್ಬರ ಹೆಸರಿಗೆ ಮೂರು ತುಂಡು: ತನ್ನದು, ತಂದೆಯದು ಇಲ್ಲವೇ ಗಂಡನದು, ಕೊನೆಗೆ ಅಡ್ಡಹೆಸರು. ಅರ್ಜಿಯಲ್ಲಿ ಇರುವುದು ಎರಡೇ ಮನೆ, ಒಂದು ಗಿವನ್ ನೇಮ್, ಇನ್ನೊಂದು ಸರ್‌ನೇಮ್. ಹಿರೇಮಠ, ಬಣಕಾರ, ಮೆಣಸಿನಕಾಯಿ ಎಂಬ ಅಡ್ಡಹೆಸರು ಎರಡನೆಯ ಮನೆಗೆ ಹೋದರೆ ನಡುವಿನ ಹೆಸರು ಎಲ್ಲಿ ಕೂರಬೇಕು? ಒಬ್ಬ ಮಗನ ಅರ್ಜಿಯಲ್ಲಿ ಅದು ಮೊದಲ ಮನೆಯಲ್ಲಿ, ಇನ್ನೊಬ್ಬನದರಲ್ಲಿ ಇಲ್ಲವೇ ಇಲ್ಲ. ಅಣ್ಣತಮ್ಮಂದಿರು ಕಾಗದದ ಮೇಲೆ ಬೇರೆ ಬೇರೆ ಮನೆತನದವರಾಗಿಬಿಡುತ್ತಾರೆ. ಬೆಂಗಳೂರು, ಮೈಸೂರು ಕಡೆಯವರಿಗೆ ಇನಿಷಿಯಲ್‌ನ ತಾಪತ್ರಯ. ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ನಡೆಯುವುದಿಲ್ಲ, ಬಿಡಿಸಿಯೇ ಬರೆಯಬೇಕು.

ಇನ್ನು ಇಂಗ್ಲಿಷ್ ಅಕ್ಷರ. 'ತ'ಕಾರಕ್ಕೆ ನಮ್ಮ ಕಡೆ ಬರೀ 'ಟಿ', ತೆಂಕಣದವರಿಗೆ 'ಟಿ-ಎಚ್'. ಗೀತಾ, ಸವಿತಾ, ಶಾಂತಾ ಎಲ್ಲರೂ ಈ ಎರಡರ ನಡುವೆ ಸಿಕ್ಕವರೇ. ಬಸವರಾಜನ ಕೊನೆಗೆ 'ಎ' ಬೇಕೋ ಬೇಡವೋ ಎಂಬುದು ಆ ದಿನ ಬರೆದ ಮಾಸ್ತರರ ಮರ್ಜಿ. ಊರಿನ ಹೆಸರೂ ಪಾರಾಗಿಲ್ಲ. ರಾಣೆಬೆನ್ನೂರಿನ ರೈಲು ನಿಲ್ದಾಣದ ಫಲಕದಲ್ಲಿ 'ಎನ್' ಆದ ಮೇಲೆ 'ಐ', ಊರೊಳಗಿನ ಕಾಗದಗಳಲ್ಲಿ 'ಇ'. ಬ್ಯಾಡಗಿಯನ್ನು 'ಡಿ', 'ಜಿ'ಗಳ ನಡುವೆ 'ಎ' ಇಟ್ಟೂ ಬರೆಯುತ್ತಾರೆ, ಇಡದೆಯೂ ಬರೆಯುತ್ತಾರೆ. ನಮಗೆ ಇವೆಲ್ಲ ಒಂದೇ ಉಚ್ಚಾರ, ಒಂದೇ ಊರು. ಯಂತ್ರಕ್ಕೆ ಎರಡು ಊರು, ಇಬ್ಬರು ಮನುಷ್ಯರು. ಅಕ್ಷರದ ಸಣ್ಣ ತಿದ್ದುಪಡಿಯಾದರೆ ದಾಖಲೆ ತೋರಿಸಿ ಸರಿಪಡಿಸಿಕೊಳ್ಳಬಹುದು. ಹೆಸರೇ ಬದಲಾದಂತೆ ಕಂಡರೆ ಪ್ರಮಾಣಪತ್ರ, ಪತ್ರಿಕೆಯಲ್ಲಿ ಪ್ರಕಟಣೆಯವರೆಗೂ ಹೋಗುತ್ತದೆ.

ಹುಟ್ಟಿದ ದಿನದ ಕಥೆ ಇನ್ನೊಂದು. ನಮ್ಮ ಸೀಮೆಯಲ್ಲಿ ಅರವತ್ತು ದಾಟಿದವರ ದಾಖಲೆ ತೆಗೆದು ನೋಡಿದರೆ ಜೂನ್ 1 ಎಂಬ ದಿನಾಂಕ ಮತ್ತೆ ಮತ್ತೆ ಸಿಗುತ್ತದೆ. ಶಾಲೆಗೆ ಹೆಸರು ಹಚ್ಚುವಾಗ ಮಾಸ್ತರರು ಬರೆದುಕೊಂಡದ್ದು ಅದು. ಅವ್ವಂದಿರಿಗೆ ನೆನಪಿದ್ದದ್ದು ಕಾರಹುಣ್ಣಿಮೆಯ ಮುಂಚೆ, ಸೀಗಿಹುಣ್ಣಿಮೆಯ ಮರುದಿನ ಎಂಬ ಲೆಕ್ಕ. ಹುಣ್ಣಿಮೆಯ ಮಕ್ಕಳೆಲ್ಲ ಕಾಗದದಲ್ಲಿ ಜೂನ್ ಒಂದಕ್ಕೆ ಹುಟ್ಟಿದರು. ಇದನ್ನು ಈಗ ತಿದ್ದಲು ಹೋಗುವುದು ಬೇಡ, ಇರುವ ಎಲ್ಲ ಕಾಗದಗಳಲ್ಲೂ ಒಂದೇ ದಿನಾಂಕ ಇದೆಯೇ ಎಂದು ನೋಡಿಕೊಂಡರೆ ಸಾಕು. ಒಂದು ಕಾಲದಲ್ಲಿ 1989ರ ಜನವರಿ 26 ಮತ್ತು ಅದರ ನಂತರ ಹುಟ್ಟಿದವರಿಗೆ ಜನನ ಪ್ರಮಾಣಪತ್ರವೇ ಬೇಕಿತ್ತು. 2016ರ ಡಿಸೆಂಬರ್‌ನಲ್ಲಿ, ಸುಷ್ಮಾ ಸ್ವರಾಜ್ ವಿದೇಶಾಂಗ ಸಚಿವರಾಗಿದ್ದಾಗ, ಅದನ್ನು ಸಡಿಲಿಸಿ ಆಧಾರ್, ಪ್ಯಾನ್, ಶಾಲಾ ದಾಖಲೆಗಳನ್ನೂ ಒಪ್ಪಿದರು. ಅಪ್ಪ ಅವ್ವ ಇಬ್ಬರ ಹೆಸರೂ ಕಡ್ಡಾಯ ಎಂಬುದನ್ನು, ಮದುವೆ ಪ್ರಮಾಣಪತ್ರದ ಕಡ್ಡಾಯವನ್ನು ಕೈಬಿಟ್ಟದ್ದೂ ಆಗಲೇ. ಒಂಟಿ ತಾಯಂದಿರಿಗೆ ಅದು ಎಷ್ಟು ದೊಡ್ಡ ನೆಮ್ಮದಿ ಎಂಬುದು ಆ ಸಾಲಿನಲ್ಲಿ ನಿಂತವರಿಗೇ ಗೊತ್ತು. ಈಗಿನ ಕೂಸುಗಳಿಗೆ ಮತ್ತೆ ಬಿಗಿ: 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದವರಿಗೆ ಜನನ ಪ್ರಮಾಣಪತ್ರವೊಂದೇ ದಾಖಲೆ.

ಚಿಗವ್ವನ ಎರಡು 'ವಿ' ಅರ್ಜಿಯಲ್ಲಿ ಕೂತವು. ಹುಡುಗಿ ಒಂದೊಂದು ಅಕ್ಷರವನ್ನೂ ಬೆರಳಿಟ್ಟು ತೋರಿಸಿ ಓದಿದಳು. ಆ ಮೇಲೆ ಮುಂದಿನ ಮನೆಗೆ ಬಂದಾಗ ಅವಳ ದನಿ ಸ್ವಲ್ಪ ತಗ್ಗಿತು.

"ಅಮ್ಮಾರ, ಇಲ್ಲಿ ಮದುವಿ ವಿಚಾರ ಕೇಳ್ತದರಿ. ಹಳೇದರಾಗ 'ಮ್ಯಾರೀಡ್' ಐತಿ, ಯಜಮಾನ್ರ ಹೆಸರೈತಿ..."

ಕಾಕಾ ಹೋಗಿ ಮೂರು ವರ್ಷವಾಗಿತ್ತು. ಚಿಗವ್ವ ಚೀಲದಿಂದ ಮರಣ ಪ್ರಮಾಣಪತ್ರ ತೆಗೆದಳು. ನಾಲ್ಕು ಮಡಿಕೆ ಮಾಡಿ, ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟಿದ್ದಳು. ಮೇಜಿನ ಮೇಲೆ ಬಿಡಿಸಿ, ಮಡಿಕೆಗಳನ್ನು ಅಂಗೈಯಿಂದ ಸವರಿ ಸವರಿ ನೇರ ಮಾಡಿದಳು. "ಹೊಸಾದರಾಗ ಅವರ ಹೆಸರು ಬರೂದಿಲ್ಲೇನ?" ಎಂದು ಕೇಳಿದಳು. "ಬರೂದಿಲ್ರಿ ಅಮ್ಮಾರ" ಎಂದಳು ಹುಡುಗಿ, ಪರದೆಯ ಕಡೆ ನೋಡದೆ ಚಿಗವ್ವನ ಮುಖ ನೋಡಿಕೊಂಡು. ಯಾರೂ ಅವಸರ ಮಾಡಲಿಲ್ಲ. ಹಿಂದೆ ಜೆರಾಕ್ಸ್‌ಗೆ ನಿಂತಿದ್ದವರು ಕೂಡ ಸುಮ್ಮನಿದ್ದರು. "ಇದ್ದದ್ದ ಬರಿಯವಾ" ಎಂದಳು ಚಿಗವ್ವ.

ನಾವೇ ಮನೆಯಲ್ಲಿ ಫೋನಿನಿಂದ ಅರ್ಜಿ ತುಂಬಬಹುದಿತ್ತು. ಎಂಪಾಸ್‌ಪೋರ್ಟ್ ಸೇವಾ ಎಂಬ ಸರ್ಕಾರಿ ಆ್ಯಪ್ ಇದೆ. ಆದರೆ ನಾನು ತುಂಬಿದ್ದರೆ ಈ ಮನೆಯನ್ನು ಚಿಗವ್ವನನ್ನು ಕೇಳದೆಯೇ ತುಂಬಿಬಿಡುತ್ತಿದ್ದೆ. ಅವಳಿಗೆ ನೋವಾಗಬಾರದು ಎಂದುಕೊಂಡು.

ಹಣದ ಮಾತನ್ನು ಚುಟುಕಾಗಿ ಹೇಳಿಬಿಡುತ್ತೇನೆ. ದೊಡ್ಡವರ 36 ಪುಟಗಳ ಪುಸ್ತಕಕ್ಕೆ 1,500 ರೂಪಾಯಿ, 60 ಪುಟದ್ದಕ್ಕೆ 2,000. ತತ್ಕಾಲ್ ಬೇಕಾದರೆ ಇದರ ಮೇಲೆ 2,000. ಮಕ್ಕಳದು 1,000. ಅರವತ್ತು ದಾಟಿದವರಿಗೆ ಶೇ 10ರ ರಿಯಾಯಿತಿ ಮೊದಲ ಪಾಸ್‌ಪೋರ್ಟಿಗೆ ಮಾತ್ರ, ಮರುವಿತರಣೆಗೆ ಇಲ್ಲ. ಈ ಹಣ ಹೋಗುವುದು ಸರ್ಕಾರಕ್ಕೆ, ಅದಕ್ಕೆ ರಸೀದಿ ಬರುತ್ತದೆ. ಅಂಗಡಿಯವರ ಕೂಲಿ ಬೇರೆ, ಅದನ್ನು ಬೇರೆಯಾಗಿಯೇ ಕೇಳಬೇಕು, ಬೇರೆಯಾಗಿಯೇ ಕೊಡಬೇಕು. "ಎಲ್ಲಾ ಸೇರಿ ಇಷ್ಟು" ಎಂದವರ ಹತ್ತಿರ "ಬಿಡಿಸಿ ಹೇಳ್ರಿ" ಎನ್ನಲು ಸಂಕೋಚ ಬೇಡ. ಪೊಲೀಸರಿಗೆ, ಅಂಚೆಯವರಿಗೆ, ಒಳಗಿನವರಿಗೆ ಎಂದು ಯಾರಾದರೂ ಕೇಳಿದರೆ ಎದ್ದು ಬರುವುದೇ ಸರಿ. ಶುಲ್ಕ ಕಟ್ಟಿದ್ದು ಒಂದು ವರ್ಷದವರೆಗೆ ನಡೆಯುತ್ತದೆ, ಗೊತ್ತುಮಾಡಿದ ದಿನ ಹೋಗಲಾಗದಿದ್ದರೆ ದಿನ ಬದಲಿಸಿಕೊಳ್ಳಬಹುದು, ಅದಕ್ಕೂ ಮತ್ತೆ ದುಡ್ಡು ಬೇಕು ಎನ್ನುವವರ ಮಾತು ನಂಬಬೇಡಿ. ಜಾಲತಾಣದ ವಿಳಾಸವನ್ನೂ ಕಣ್ಣಾರೆ ನೋಡಿಕೊಳ್ಳಬೇಕು. ಪಾಸ್‌ಪೋರ್ಟ್ ಇಂಡಿಯಾ ಎಂಬುದರ ಮುಂದೆ ಜಿಓವಿ, ಐಎನ್ ಎಂದು ಮುಗಿಯುವುದೊಂದೇ ಸರ್ಕಾರದ್ದು. ಅದೇ ಬಣ್ಣ, ಅದೇ ಲಾಂಛನ ಹಾಕಿಕೊಂಡ ನಕಲಿ ತಾಣಗಳ ಬಗ್ಗೆ ಸಚಿವಾಲಯ ಮತ್ತೆ ಮತ್ತೆ ಎಚ್ಚರಿಸಿದೆ. ಅನುಮಾನ ಬಂದರೆ 1800-258-1800ಕ್ಕೆ ಫೋನ್ ಮಾಡಿ ಕೇಳಬಹುದು, ಕರೆಗೆ ದುಡ್ಡಿಲ್ಲ.

ಎಲ್ಲ ಮುಗಿದ ಮೇಲೆ ಆ ಹುಡುಗಿ ಅರ್ಜಿಯ ಒಂದು ಪ್ರತಿಯನ್ನು ಅಚ್ಚು ತೆಗೆದು ಚಿಗವ್ವನ ಕೈಗೆ ಕೊಟ್ಟಳು. ಕಳಿಸುವ ಮುಂಚೆ. "ಈಗ ಮೊದಲಿಂದ ಓದ್ತೀನ್ರಿ, ತಪ್ಪಿದ್ದರ ನಿಲ್ಲಸ್ರಿ." ಇಂಗ್ಲಿಷಿನ ಪ್ರಶ್ನೆ, ಅದರ ಕನ್ನಡ ಅರ್ಥ, ನಮ್ಮ ಉತ್ತರ, ಹೀಗೆ ಓದುತ್ತಾ ಹೋದಳು. ಮನೆ ವಿಳಾಸಕ್ಕೆ ಬಂದಾಗ ಚಿಗವ್ವ ನಿಲ್ಲಿಸಿದಳು. ಓಣಿಯ ಹೆಸರು ಬಿಟ್ಟುಹೋಗಿತ್ತು. ಪಾಸ್‌ಪೋರ್ಟ್ ಬರುವುದು ಸ್ಪೀಡ್ ಪೋಸ್ಟ್‌ನಲ್ಲಿ, ಅದೇ ವಿಳಾಸಕ್ಕೆ. ಹತ್ತು ವರ್ಷದ ಹಿಂದೆ ಯಾರೂ ನಮಗೆ ಹೀಗೆ ಓದಿ ಹೇಳಿರಲಿಲ್ಲ. ಓದಿ ಹೇಳಲು ಹಿಡಿದದ್ದು ಹನ್ನೆರಡು ನಿಮಿಷ, ನಾನು ಗಡಿಯಾರ ನೋಡಿಕೊಂಡಿದ್ದೆ.

ಒಂದು ಆಸೆ ಇದೆ, ಅದನ್ನು ನೇರವಾಗಿಯೇ ಹೇಳುತ್ತೇನೆ. ಪಾಸ್‌ಪೋರ್ಟಿನ ಮೇಲೆ ಹಿಂದಿ, ಇಂಗ್ಲಿಷ್ ಇರಲಿ. ಅರ್ಜಿ ತುಂಬಿದ ಮೇಲೆ ಸಿಗುವ ಆ ಪ್ರತಿಯಾದರೂ ಕನ್ನಡದಲ್ಲಿ ಓದಲು ಸಿಗಬೇಕು. ಜೈಲು, ದಂಡದ ಮಾತಿರುವ ಘೋಷಣೆಗೆ ಒಪ್ಪಿಗೆ ಕೊಡುವವರಿಗೆ ಅದು ತಮ್ಮ ಭಾಷೆಯಲ್ಲಿ ಕಾಣಬೇಕು. ಮತ್ತೆ ಅದರ ಕೊನೆಯಲ್ಲಿ, ಹಳೆಯ ಪತ್ರಗಳಲ್ಲಿ ಇದ್ದಂತೆ, ತುಂಬಿಕೊಟ್ಟವರು ಇಂಥವರು, ಓದಿ ಹೇಳಿದ್ದಾರೆ ಎಂಬ ಒಂದು ಸಾಲು. ಒಳ್ಳೆಯ ಕೆಲಸ ಮಾಡುವ ಆ ಹುಡುಗಿಗೆ ಅದು ಗೌರವ.

ಭೇಟಿಯ ದಿನ ಹುಬ್ಬಳ್ಳಿಗೆ ಸಿಕ್ಕಿತು, ಅದೂ ಗುರುವಾರ. ಸೋಮವಾರ, ಗುರುವಾರ ಬ್ಯಾಡಗಿಯಲ್ಲಿ ಮೆಣಸಿನಕಾಯಿ ಮಾರುಕಟ್ಟೆಯ ದಿನ. ಊರು ದಾಟುವಷ್ಟರಲ್ಲಿ ಚೀಲ ಹೇರಿದ ಲಾರಿಗಳ ಸಾಲು ಹಿಡಿದು, ಮೋಟೆಬೆನ್ನೂರಿಗೆ ಬಂದು ಹೆದ್ದಾರಿ ಹತ್ತುವಾಗ ಚಿಗವ್ವ ಇನ್ನೂ ಸೆರಗಿನಿಂದ ಮೂಗು ಮುಚ್ಚಿಕೊಂಡಿದ್ದಳು. ಕೇಂದ್ರದೊಳಗೆ ಅರ್ಜಿದಾರರನ್ನು ಬಿಟ್ಟು ಬೇರೆಯವರನ್ನು ಬಿಡುವುದಿಲ್ಲ, ಹಿರಿಯರ ಜೊತೆಗೆ ಒಬ್ಬರನ್ನು ಬಿಡುತ್ತಾರೆ. ಟೋಕನ್ ಕೊಟ್ಟರು. ಎ ಕೌಂಟರಿನಲ್ಲಿ ಕಾಗದಗಳನ್ನು ಸ್ಕ್ಯಾನ್ ಮಾಡಿ ಅಲ್ಲಿಯೇ ಫೋಟೋ ತೆಗೆದರು, ಹೊರಗಿನಿಂದ ಫೋಟೋ ಒಯ್ಯಬೇಕಾಗಿಲ್ಲ. ಬೆರಳಚ್ಚು ಮಾತ್ರ ಸರಿಯಾಗಿ ಏಳಲಿಲ್ಲ. ನಲವತ್ತು ವರ್ಷ ಹೊಲ, ಒಲೆ, ರೊಟ್ಟಿ ತಟ್ಟಿದ ಬೆರಳು. ಅಲ್ಲಿದ್ದ ಹುಡುಗ ಒದ್ದೆ ಬಟ್ಟೆ ಕೊಟ್ಟು ಒರೆಸಿಕೊಳ್ಳಲು ಹೇಳಿದ. ಮೂರನೆಯ ಸಲಕ್ಕೆ ಗೆರೆಗಳು ಮೂಡಿದವು. ಬಿ ಕೌಂಟರಿನಲ್ಲಿ ಸರ್ಕಾರಿ ಅಧಿಕಾರಿಗಳು ಮೂಲ ದಾಖಲೆ ನೋಡಿದರು. ಹಳೆಯದರಲ್ಲಿ ಒಂದು ಅಕ್ಷರ, ಹೊಸದರಲ್ಲಿ ಎರಡು, ಏಕೆ ಎಂದು ಕೇಳಿದರು. ಚಿಗವ್ವ ನನ್ನ ಕಡೆ ತಿರುಗಲಿಲ್ಲ. "ಆವಾಗ ಓದಿ ಹೇಳಲಿಲ್ರಿ. ಈ ಸಲ ಓದ್ಯಾರ" ಎಂದಳು. ಸಿ ಕೌಂಟರಿನ ಕೆಲಸ ಎರಡು ನಿಮಿಷದ್ದು. ಹಳೆಯ ಪುಸ್ತಕಕ್ಕೆ ರದ್ದಾಯಿತೆಂದು ಮುದ್ರೆ ಒತ್ತಿ ಮರಳಿ ಕೊಟ್ಟರು. ಅವಧಿ ಇರುವ ವೀಸಾ ಹಳೆಯದರಲ್ಲಿ ಉಳಿದಿರುವವರು ಎರಡನ್ನೂ ಜೋಪಾನ ಮಾಡಬೇಕು, ಎಷ್ಟೋ ದೇಶಗಳು ಹಳೆಯ ಪುಸ್ತಕದ ವೀಸಾವನ್ನು ಹೊಸದರ ಜೊತೆ ಒಪ್ಪುತ್ತವೆ.

ಮರುವಿತರಣೆಯಲ್ಲಿ ಪೊಲೀಸ್ ಪರಿಶೀಲನೆ ಎಲ್ಲರಿಗೂ ಒಂದೇ ರೀತಿ ಇರುವುದಿಲ್ಲ. ಕೆಲವರಿಗೆ ಪುಸ್ತಕ ಬರುವ ಮುಂಚೆ, ಕೆಲವರಿಗೆ ಬಂದ ಮೇಲೆ, ಕೆಲವರಿಗೆ ಇಲ್ಲವೇ ಇಲ್ಲ. ಚಿಗವ್ವನ ಮನೆಗೆ ಪೊಲೀಸರು ಬಂದರು, ಕಟ್ಟೆಯ ಮೇಲೆ ಕೂತು ನಾಲ್ಕು ಪ್ರಶ್ನೆ ಕೇಳಿ, ನೀರು ಕುಡಿದು ಹೋದರು. ಈ ಸಲ ಪ್ರತಿ ಹೆಜ್ಜೆಯ ಸಂದೇಶವೂ ಅವಳ ಫೋನಿಗೇ ಬಂತು. ಬಂದಾಗಲೆಲ್ಲ ನನಗೆ ಹಾವೇರಿಗೆ ಫೋನ್ ಮಾಡಿ, ಅಕ್ಷರ ಹೇಳಿ ಅರ್ಥ ಕೇಳುತ್ತಿದ್ದಳು.

ಪುಸ್ತಕ ಬಂದ ದಿನ ನಾನು ಬ್ಯಾಡಗಿಯಲ್ಲೇ ಇದ್ದೆ. ಅಂಚೆಯವರು ರುಜು ಹಾಕಿಸಿಕೊಂಡು ಲಕೋಟೆ ಕೊಟ್ಟರು. ಮುಖಪುಟದ ಕೆಳಗೆ ಬಂಗಾರದ ಬಣ್ಣದ ಸಣ್ಣ ಗುರುತು, ಒಳಗೆ ಚಿಪ್ ಇರುವ ಹೊಸ ಬಗೆಯ ಪಾಸ್‌ಪೋರ್ಟ್. ಚಿಗವ್ವ ಅದನ್ನು ದೇವರ ಮುಂದೆ ಇಟ್ಟು ಬಂದು ನನ್ನ ಕೈಗೆ ಕೊಟ್ಟಳು. "ಓದು" ಎಂದಳು. ಹೆಸರು, ಎರಡು 'ವಿ'. ಹುಟ್ಟಿದ ದಿನ, ಜೂನ್ 1. ಹುಟ್ಟಿದ ಊರು. ಕೊನೆಯ ಪುಟದವರೆಗೆ ಓದಿಸಿದಳು. ಆ ಮೇಲೆ ಟ್ರಂಕಿನ ಮುಚ್ಚಳ ತೆಗೆದು ಹೊಸದನ್ನು ಮರಣ ಪ್ರಮಾಣಪತ್ರದ ಕವರಿನ ಪಕ್ಕ ಇಟ್ಟಳು. ಮುದ್ರೆ ಬಿದ್ದ ಹಳೆಯದು ಇನ್ನೂ ಮಂಚದ ಮೇಲೆಯೇ ಇತ್ತು. ಅದನ್ನೇನು ಮಾಡಲಿ ಎಂದು ಕೇಳಿದೆ.

"ಇತ್ಲಾಗ ಕೊಡು. ಅದರಾಗ ನಿಮ್ಮ ಕಾಕಾನ ಹೆಸರೈತಿ."